ಹಳೆಯ ದೋಣಿಗೆ ಎಷ್ಟು ಕುದುರೆ?

ಸಾನಪಾಡಾದಿಂದ ಬೆಳಗಿನ ಲೋಕಲ್ ಹಿಡಿದು ಮುಂಬಯಿ ಕಡೆ ಹೋಗುವವರಿಗೆಲ್ಲ ವಾಶಿ ದಾಟಿದ ಮೇಲೆ ಖಾಡಿಯ ಸೇತುವೆ ಸಿಗುತ್ತದೆ. ಗಾಡಿ ಸೇತುವೆ ಏರಿದೊಡನೆ ಗಾಳಿ ಬದಲಾಗುತ್ತದೆ, ಬಾಗಿಲಲ್ಲಿ ನಿಂತ ಯಾರೋ ಒಬ್ಬರು ದೇವರ ನಿರ್ಮಾಲ್ಯದ ಪೊಟ್ಟಣವನ್ನು ಕೆಳಗೆಸೆದು ಕೈಮುಗಿಯುತ್ತಾರೆ. ಕೆಳಗೆ ಕೋಲಿ ಜನರ ಸಣ್ಣ ದೋಣಿಗಳು ಕಾಣುತ್ತವೆ. ಅವುಗಳ ಹಿಂಬದಿಯನ್ನು ಒಮ್ಮೆ ಗಮನಿಸಿ ನೋಡಿ. ಕೆಲವಕ್ಕೆ ಹುಟ್ಟು ಮಾತ್ರ. ಕೆಲವಕ್ಕೆ ಹಿಂದಿನ ಹಲಗೆಗೆ ಕಚ್ಚಿಸಿದ ಎಂಜಿನ್. ಎಂಜಿನ್ ದೊಡ್ಡದಿದ್ದಷ್ಟೂ ದೋಣಿಯ ಹಿಂಭಾಗ ನೀರಿಗೆ ಹತ್ತಿರ, ಮೂತಿ ಆಕಾಶಕ್ಕೆ.

ಈ ಎಂಜಿನ್ನಿಗೆ ಔಟ್‌ಬೋರ್ಡ್ ಎಂದು ಹೆಸರು. ದೋಣಿಯ ಹೊಟ್ಟೆಯೊಳಗೆ ಕೂರದೆ ಹೊರಗೆ ತೂಗುವ ಎಂಜಿನ್. ಅದನ್ನು ಮೊದಲು ವ್ಯಾಪಾರವಾಗಿ ಗೆಲ್ಲಿಸಿದವನು ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ್ದ ಓಲೆ ಎವಿನ್ರೂಡ್. 1909ರ ಅವನ ಎಂಜಿನ್ನಿನ ಶಕ್ತಿ ಒಂದೂವರೆ ಅಶ್ವಶಕ್ತಿ, ತೂಕ ಸುಮಾರು 28 ಕಿಲೋ. ಶಕ್ತಿ ಹೆಚ್ಚಿದ ಹಾಗೆ ತೂಕವೂ ಹೆಚ್ಚುತ್ತ ಬಂತು. ಆ ತೂಕವನ್ನು ಹೊರಬೇಕಾದ್ದು ದೋಣಿಯ ಅತ್ಯಂತ ದುರ್ಬಲ ಜಾಗವಾದ ಹಿಂಬದಿ.

ಕಳೆದ ವರ್ಷ ಊರಿನಿಂದ ನನ್ನ ಸೋದರಮಾವನ ಮಗ ಫೋನ್ ಮಾಡಿದ್ದು ಇದೇ ವಿಷಯಕ್ಕೆ. ಕುಂದಾಪುರ–ಗಂಗೊಳ್ಳಿಯ ನಡುವೆ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕೂಡುವ ಪಂಚಗಂಗಾವಳಿಯಲ್ಲಿ ಕುದ್ರುಗಳಿವೆ. ಅಲ್ಲಿ ಸೇತುವೆ ಕಾಣದ ಒಂದು ಸಣ್ಣ ಕುದ್ರುವಿನಲ್ಲಿ ಭಾವನ ಮನೆ, ತೆಂಗಿನ ತೋಟ. ತೆಂಗಿನಕಾಯಿ, ಹಿಂಡಿಯ ಮೂಟೆ, ಗ್ಯಾಸ್ ಸಿಲಿಂಡರ್, ಶಾಲೆಗೆ ಹೋಗುವ ಅವನ ಇಬ್ಬರು ಮಕ್ಕಳು, ಎಲ್ಲವೂ ದಡ ಸೇರುವುದು ಒಂದು ಹಳೆಯ ಅಲ್ಯುಮಿನಿಯಂ ದೋಣಿಯಲ್ಲಿ. ಯಾರೋ ಗುಜರಿಗೆ ಹಾಕಿದ್ದನ್ನು ಅವನು ಹರಾಜಿನಲ್ಲಿ ಹಿಡಿದದ್ದು. 12 ಅಡಿ ಉದ್ದ, ಹಿಂಬದಿ 4 ಅಡಿ ಅಗಲ, ತಳ ಚಪ್ಪಟೆ. ಅದಕ್ಕೆ 9.9 ಎಚ್‌ಪಿಯ ಎರಡು ಸ್ಟ್ರೋಕ್ ಎಂಜಿನ್.

"ಮಾರಾಯ, 25ರದ್ದು ಒಂದು ಎಂಜಿನ್ ಸಿಕ್ಕಿದೆ. ಫೋರ್ ಸ್ಟ್ರೋಕ್, ಸೆಲ್ಫ್ ಸ್ಟಾರ್ಟ್. ಜಲಕ್ರೀಡೆಯವರು 40 ಹಾಕಿಸಿಕೊಂಡು ಇದನ್ನು ಕೊಡ್ತಾರಂತೆ. ಕೂರಿಸಬಹುದಾ? ನೀನು ಇಂಜಿನಿಯರ್ ಅಲ್ವಾ, ಸ್ವಲ್ಪ ನೋಡಿ ಹೇಳು."

ನಮ್ಮ ಊರುಗಳಲ್ಲಿ ಸಾಫ್ಟ್‌ವೇರಿನವನೂ ಇಂಜಿನಿಯರೇ. ನಾನು ಕೇಳಿದೆ, "ದೋಣಿ ಸೋರ್ತದಾ ಭಾವ?" "ಸೋರ್ತದೆ, ಅಲ್ಯುಮಿನಿಯಂ ಅಲ್ವಾ, ಅದೆಲ್ಲ ಇದ್ದದ್ದೇ. ಮಕ್ಕಳು ಮೊಗೀತಾರೆ." ಆಮೇಲೆ ದನಿ ತಗ್ಗಿಸಿ ಹೇಳಿದ, "ಆಷಾಢದ ನೆರೆಗೆ ಈ ಎಂಜಿನ್ ನಿಲ್ಲೋದಿಲ್ಲ. ಹೋದ ವರ್ಷ ಒಂದು ದಿನ ಮಕ್ಕಳನ್ನು ಕೂರಿಸಿಕೊಂಡು ನಡುಹೊಳೆಯಲ್ಲಿ ಹಿಂದಕ್ಕೆ ಹೋದೆ. ಅವತ್ತಿನಿಂದ ನಿದ್ದೆ ಇಲ್ಲ."

ಭಾವನಿಗೆ ಬೇಕಾಗಿದ್ದದ್ದು ವೇಗವಲ್ಲ, ಭದ್ರತೆ. ದೊಡ್ಡ ಎಂಜಿನ್ ಅದನ್ನು ಕೊಡುತ್ತದೆಯೇ ಎಂಬುದೇ ಪ್ರಶ್ನೆ. ಕರಾವಳಿಯ ನೂರಾರು ಮನೆಗಳಲ್ಲಿ ಇಂದು ಇದೇ ಪ್ರಶ್ನೆ ಇರುವುದರಿಂದ ಈ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ. ಊರಲ್ಲಿ ದೋಣಿ ಇರುವ ಅಣ್ಣನೋ ಚಿಕ್ಕಪ್ಪನೋ ನಮ್ಮಲ್ಲಿ ಅನೇಕರಿಗೆ ಇದ್ದಾರೆ. ಮುಂಬಯಿಯ ಮೊಗವೀರ ಬಂಧುಗಳಿಗಂತೂ ಇದು ಮನೆಯದೇ ಮಾತು.

ಎಂಜಿನ್ ದೊಡ್ಡದಾಗುತ್ತಿರುವುದು ಏಕೆ?

ನಮ್ಮ ಕರಾವಳಿಯ ನಾಡದೋಣಿಗಳಲ್ಲಿ ಬಹುಕಾಲ ಓಡಿದ್ದು ಸೀಮೆಎಣ್ಣೆ ಎಂಜಿನ್. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಎರಡು ಸ್ಟ್ರೋಕ್ ಯಂತ್ರಗಳು. ಹಗುರ, ಸರಳ, ದಡದಲ್ಲೇ ಬಿಚ್ಚಿ ಜೋಡಿಸಬಹುದಾದವು. ಸಬ್ಸಿಡಿ ಸೀಮೆಎಣ್ಣೆ ಸಕಾಲಕ್ಕೆ ಸಿಗದೆ ಮೀನುಗಾರರು ಪ್ರತಿಭಟಿಸುವುದು ಪ್ರತಿವರ್ಷದ ಸುದ್ದಿಯಾಗಿತ್ತು. 2023ರ ಜುಲೈ ಬಜೆಟ್ಟಿನಲ್ಲಿ ಕರ್ನಾಟಕ ಸರಕಾರ ಸೀಮೆಎಣ್ಣೆ ಎಂಜಿನ್ನುಗಳನ್ನು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನುಗಳಿಗೆ ಬದಲಿಸಲು ತಲಾ 50,000 ರೂಪಾಯಿ ಸಹಾಯಧನ ಪ್ರಕಟಿಸಿತು. ಹಾಗೆ ಬರುತ್ತಿರುವ ಹೊಸ ಪೆಟ್ರೋಲ್ ಎಂಜಿನ್ನುಗಳಲ್ಲಿ ಅನೇಕವು ನಾಲ್ಕು ಸ್ಟ್ರೋಕಿನವು. ಹೊಗೆ ಕಡಿಮೆ, ಎಣ್ಣೆ ಉಳಿತಾಯ, ಸದ್ದು ಕಡಿಮೆ. ಆದರೆ ವಾಲ್ವು, ಕ್ಯಾಮ್‌ಶಾಫ್ಟ್, ಆಯಿಲ್ ತುಂಬಿದ ತೊಟ್ಟಿ ಎಲ್ಲ ಸೇರಿ ಅಷ್ಟೇ ಅಶ್ವಶಕ್ತಿಗೆ ತೂಕ ಜಾಸ್ತಿ. ಶಕ್ತಿ ಹೆಚ್ಚಿಸದೆ ಬರೇ ಎಂಜಿನ್ ಬದಲಿಸಿದರೂ ದೋಣಿಯ ಹಿಂಬದಿಗೆ ಹೊಸ ಹೊರೆ ಬೀಳುತ್ತದೆ.

ಇನ್ನೊಂದು ಕಾರಣ ದೂರ. ಇದನ್ನು ನನಗೆ ಹೇಳಿದವರು ನಮ್ಮ ಪಕ್ಕದ ವಾಶಿ ಗಾಂವ್‌ನ ಒಬ್ಬ ಹಿರಿಯ ಮೀನುಗಾರರು. ಭಾನುವಾರ ಬೆಳಿಗ್ಗೆ ಜೆಟ್ಟಿಯಲ್ಲಿ ಬಲೆ ಹೆಣೆಯುತ್ತ ಕುಳಿತಿದ್ದರು. "ಮೊದಲು ಹುಟ್ಟು ಹಾಕಿ ಹೋಗಿ ಮೀನು ತರುತ್ತಿದ್ದೆವು. ಈಗ ಸೇತುವೆಗಳು, ಕೆಸರು, ಕೊಳಚೆ. ಮೀನು ದೂರ ಹೋಯಿತು, ನಾವೂ ದೂರ ಹೋಗಬೇಕಾಯಿತು." ಅವರ ದೂರು ಬರೇ ಮಾತಿನದ್ದಲ್ಲ. ವಾಶಿಯ ಮೂರನೇ ಖಾಡಿ ಸೇತುವೆಯ ಕೆಲಸದಿಂದ ಕಸುಬು ಹಾಳಾಗುತ್ತಿದೆ ಎಂದು ವಾಶಿ ಗಾಂವ್‌ನ ಮೀನುಗಾರರ ಸಹಕಾರಿ ಸಂಘ ಕೋರ್ಟಿಗೆ ಹೋಯಿತು. ಮೀನುಗಾರರಿಗೆ ಪರಿಹಾರ ಕೊಡಲು ಒಂದು ನೀತಿ ರೂಪಿಸುವಂತೆ 2021ರಲ್ಲಿ ಬಾಂಬೆ ಹೈಕೋರ್ಟ್ ಮಹಾರಾಷ್ಟ್ರ ಸರಕಾರಕ್ಕೆ ಹೇಳಿತು. ಮೀನು ದೂರವಾದಾಗ ದೊಡ್ಡ ಎಂಜಿನ್ ಆಸೆಯಲ್ಲ, ಅನ್ನದ ಪ್ರಶ್ನೆ. ಆದರೆ ಆ ದೂರಕ್ಕೆ ಹೋಗುವುದು ಅದೇ ಹಳೆಯ ದೋಣಿ.

ಭಾವನ ದೋಣಿಯ ಸಂಗತಿ ಹೇಳಿದಾಗ ಅವರು ತಲೆ ಎತ್ತದೆ ಕೇಳಿದ್ದು ಒಂದೇ ಪ್ರಶ್ನೆ: "ಅರ್ಧ ತಾಸಿಗೆ ಎಷ್ಟು ನೀರು ಬರುತ್ತದೆ?"

ಮೊದಲು ನೀರನ್ನು ಅಳೆಯಿರಿ

ಭಾವನಿಗೆ ನಾನು ಹೇಳಿದ ಮೊದಲ ಕೆಲಸ ಅದೇ. ದೋಣಿಯನ್ನು ನಿಂತ ನೀರಿನಲ್ಲಿ ಕಟ್ಟಿ, ಸ್ಪಂಜಿನಲ್ಲಿ ಒಳಗನ್ನು ಪೂರ್ತಿ ಒರೆಸಿ, ಅರ್ಧ ಗಂಟೆ ಬಿಟ್ಟು, ಬಂದ ನೀರನ್ನು ಲೀಟರ್ ಮಗ್ಗಿನಲ್ಲಿ ಅಳೆದು ತೆಗೆಯುವುದು. ಬಂದದ್ದು 11 ಲೀಟರ್. ಇದು ಖಾಲಿ ದೋಣಿ ಸುಮ್ಮನೆ ನಿಂತಾಗಿನ ಲೆಕ್ಕ. ಭಾರ ಹೇರಿದರೆ ತೂತುಗಳು ನೀರಿನಡಿಗೆ ಇನ್ನೂ ಆಳ ಹೋಗುತ್ತವೆ, ಎಂಜಿನ್ ನಡುಕಕ್ಕೆ ಜೋಡಣೆಗಳು ಬಾಯಿ ಬಿಡುತ್ತವೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. 60 ಲೀಟರ್ ಸೋರಿದರೆ ಟಿಕೆಟ್ಟಿಲ್ಲದ ಒಬ್ಬ ಪ್ರಯಾಣಿಕ ಹತ್ತಿದ ಹಾಗೆ. ಅವನೂ ಒಂದೇ ಕಡೆ ಕೂರುವವನಲ್ಲ. ಎಂಜಿನ್ ಗತಿ ಏರಿಸಿದರೆ ನೀರೆಲ್ಲ ಹಿಂದಕ್ಕೆ ಓಡುತ್ತದೆ, ದೋಣಿ ವಾಲಿದರೆ ವಾಲಿದ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ.

ಈಗ ತೂಕದ ಲೆಕ್ಕ. 12 ಅಡಿಗೆ 4 ಅಡಿಯ ದೋಣಿ ನೀರಿನ ಮೇಲೆ ಆವರಿಸುವ ಜಾಗ ಸುಮಾರು ಮೂರೂವರೆ ಚದರ ಮೀಟರ್. ನಡುವೆ 50 ಕಿಲೋ ಇಟ್ಟರೆ ದೋಣಿ ಒಂದೂವರೆ ಸೆಂಟಿಮೀಟರ್ ಇಳಿಯುತ್ತದೆ, ಅಷ್ಟೇ. ಅದೇ 50 ಕಿಲೋವನ್ನು ತೀರಾ ಹಿಂತುದಿಯಲ್ಲಿ ಇಟ್ಟರೆ ದೋಣಿ ಇಳಿಯುವುದರ ಜೊತೆಗೆ ಹಿಂದಕ್ಕೆ ಬಾಗುತ್ತದೆ. ಪೆಟ್ಟಿಗೆಯಂಥ ತಳದ ದೋಣಿಗೆ ಹಿಂಬದಿ ಇಳಿಯುವುದು ಹೆಚ್ಚುಕಡಿಮೆ ನಾಲ್ಕು ಪಟ್ಟು, ಅಂದರೆ ಐದಾರು ಸೆಂಟಿಮೀಟರ್. ಎಂಜಿನ್ ಕೂರುವುದು ಆ ತುದಿಯಲ್ಲೇ.

ಭಾವನ 9.9 ಎಂಜಿನ್ ಸುಮಾರು 36 ಕಿಲೋ. ನಾಲ್ಕು ಸ್ಟ್ರೋಕಿನ 25 ಎಚ್‌ಪಿ ಸುಮಾರು 60 ಕಿಲೋ. ಸೆಲ್ಫ್ ಸ್ಟಾರ್ಟಿಗೆ ಬ್ಯಾಟರಿ 15 ಕಿಲೋ. ಹೆಚ್ಚು ಕುಡಿಯುವ ಎಂಜಿನ್ನಿಗೆ ದೊಡ್ಡ ಟ್ಯಾಂಕ್, ಹತ್ತು ಕಿಲೋ. ಒಟ್ಟು 50 ಕಿಲೋ ಹೆಚ್ಚಾಯಿತು, ಹಿಂಬದಿ ಐದಾರು ಸೆಂಟಿಮೀಟರ್ ಇಳಿಯಿತು. ಮೊಗೆಯದೆ ಬಿಟ್ಟ 60 ಲೀಟರ್ ನೀರು ಹಿಂದಕ್ಕೆ ಹರಿದರೆ ಇನ್ನೂ ಐದಾರು. ಎಂಜಿನ್ ಕಚ್ಚಿಸುವ ಹಿಂಬದಿ ಹಲಗೆಯನ್ನು ಮೆಕ್ಯಾನಿಕ್‌ಗಳು ಟ್ರಾನ್ಸಮ್ ಅನ್ನುತ್ತಾರೆ. ಸಣ್ಣ ದೋಣಿಗಳಲ್ಲಿ ಅದರ ಎತ್ತರ ಸಾಮಾನ್ಯವಾಗಿ 15 ಇಂಚು. ಭಾವ ಹಿಂದೆ ಕೂತಾಗ ಅದರಲ್ಲಿ ನೀರಿನ ಮೇಲೆ ಉಳಿಯುತ್ತಿದ್ದದ್ದು ಒಂದು ಗೇಣಿಗಿಂತ ಕಡಿಮೆ. ಅದರಿಂದ 12 ಸೆಂಟಿಮೀಟರ್ ಕಳೆದರೆ ಉಳಿಯುವುದು ನಾಲ್ಕು ಬೆರಳು. ಮುಂದೆ ಹೋಗುತ್ತಿದ್ದ ದೋಣಿಯ ಎಂಜಿನ್ ಗತಿ ಥಟ್ಟನೆ ಇಳಿಸಿದರೆ ಹಿಂದಿನಿಂದ ಬರುವ ಅದರದೇ ಅಲೆಗೆ ಆ ನಾಲ್ಕು ಬೆರಳು ಸಾಕಾಗುವುದಿಲ್ಲ.

ದೋಣಿ ಎಷ್ಟು ಹೊರುತ್ತದೆ?

ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ದೋಣಿಗಳ ಒಳಗೆ ಗರಿಷ್ಠ ಅಶ್ವಶಕ್ತಿ, ಗರಿಷ್ಠ ಭಾರ ಬರೆದ ತಗಡು ಹಚ್ಚಿರುತ್ತಾರೆ. ಅಲ್ಲಿನ ಕೋಸ್ಟ್ ಗಾರ್ಡ್‌ನ ಸೂತ್ರ ಸರಳ. ದೋಣಿಯ ಉದ್ದವನ್ನೂ ಟ್ರಾನ್ಸಮ್ಮಿನ ಅಗಲವನ್ನೂ ಅಡಿಯಲ್ಲಿ ಗುಣಿಸಬೇಕು. ಗುಣಲಬ್ಧ 35ರ ತನಕ ಇದ್ದರೆ 3 ಎಚ್‌ಪಿ, 36ರಿಂದ 39ಕ್ಕೆ 5, 40ರಿಂದ 42ಕ್ಕೆ 7.5, 43ರಿಂದ 45ಕ್ಕೆ 10, 46ರಿಂದ 52ಕ್ಕೆ 15. ತಳ ಚಪ್ಪಟೆಯಾಗಿ ಅಂಚು ಚೂಪಾಗಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಅದಕ್ಕಿಂತ ದೊಡ್ಡ ದೋಣಿಗಳಿಗೆ ಬೇರೆ ಸೂತ್ರಗಳಿವೆ.

ಭಾವನ ದೋಣಿಗೆ 12 ಗುಣಿಸು 4, ಅಂದರೆ 48. ಮಿತಿ 15. ಚಪ್ಪಟೆ ತಳಕ್ಕೆ ಒಂದು ಮೆಟ್ಟಿಲು ಇಳಿದರೆ 10. ಇದು ನಮ್ಮ ದೇಶದ ಕಾನೂನಲ್ಲ. ಆದರೆ ನೀರು ಎಲ್ಲ ದೇಶದಲ್ಲೂ ಒಂದೇ. ಈ ಮಿತಿ ಹೊಸ, ಸೋರದ ದೋಣಿಗೆ ಎಂಬುದನ್ನೂ ನೆನಪಿಡಬೇಕು. ಅವನು ಕೂರಿಸಲು ಹೊರಟದ್ದು ಮಿತಿಯ ಎರಡೂವರೆ ಪಟ್ಟು.

ಕಾನೂನಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಸಾಮಾನ್ಯವಾಗಿ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಕರ್ನಾಟಕದಲ್ಲಿ 10 ಅಶ್ವಶಕ್ತಿಯ ತನಕದ ಎಂಜಿನ್ ಇರುವ ಸಾಂಪ್ರದಾಯಿಕ ದೋಣಿಗಳಿಗೆ ಇದರಿಂದ ವಿನಾಯಿತಿ ಇದೆ. 9.9 ಎಂಬ ವಿಚಿತ್ರ ಸಂಖ್ಯೆ ನಮ್ಮವರಿಗೆ ಅನುಕೂಲವಾಗಿರುವುದು ಹೀಗೆ. ಮಳೆಗಾಲದಲ್ಲಿ ನಾಲ್ಕು ಮೀನು ಹಿಡಿಯುವ ಮನೆಯವರು 25 ಹಾಕಿಸಿಕೊಂಡರೆ ಆ ವಿನಾಯಿತಿಯೂ ಹೋಗುತ್ತದೆ. ಒಳನಾಡಿನ ನೀರಿನಲ್ಲಿ ಓಡುವ ಎಂಜಿನ್ ದೋಣಿಗಳಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯಿದೆ. ನೋಂದಣಿ ಆಗಿರುವ ದೋಣಿಯ ಎಂಜಿನ್ ಬದಲಿಸುವ ಮೊದಲು ಬಂದರು ಕಚೇರಿಯಲ್ಲಿ ಒಂದು ಮಾತು ಕೇಳುವುದು, ವಿಮೆ ಇದ್ದರೆ ಅವರಿಗೂ ತಿಳಿಸುವುದು ಒಳ್ಳೆಯದು.

ಶಕ್ತಿ ಎರಡೂವರೆ ಪಟ್ಟು, ಲಾಭ ಎಷ್ಟು?

ಭಾವನ ವಾದವನ್ನು ತಳ್ಳಿಹಾಕುವಂತಿರಲಿಲ್ಲ. ಕೈಯಲ್ಲಿ ಸ್ವಲ್ಪ ಹೆಚ್ಚು ಶಕ್ತಿ ಇದ್ದರೆ ಆಪತ್ತಿಗೆ ಒಳ್ಳೆಯದು ಎನ್ನುವುದು ನಿಜ. ಆದರೆ ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಅದರ ಉದ್ದವೇ ವೇಗದ ಮಿತಿ ಹಾಕುತ್ತದೆ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ವೇಗ ನಾಟಿಕಲ್ ಮೈಲಿಯಲ್ಲಿ ಸಿಗುತ್ತದೆ. 12 ಅಡಿಗೆ ಗಂಟೆಗೆ ಸುಮಾರು ಎಂಟೂವರೆ ಕಿಲೋಮೀಟರ್. ಅಲ್ಲಿಗೆ ತಲುಪಲು ನಾಲ್ಕೈದು ಅಶ್ವಶಕ್ತಿ ಸಾಕು. ಅದಕ್ಕಿಂತ ಮುಂದೆ ಹೋಗಬೇಕಾದರೆ ದೋಣಿ ತನ್ನ ಅಲೆಯನ್ನೇ ಹತ್ತಿ ನೀರಿನ ಮೇಲೆ ಜಾರಬೇಕು. ಹಗುರ ದೋಣಿ ಹಾಗೆ ಏರುತ್ತದೆ. ಹಾಗೆ ಏರಿದ ಮೇಲೆ ವೇಗ ಹೆಚ್ಚುವುದು ಶಕ್ತಿ ಮತ್ತು ತೂಕದ ಅನುಪಾತದ ವರ್ಗಮೂಲದ ಲೆಕ್ಕದಲ್ಲಿ. ಶಕ್ತಿ ಎರಡೂವರೆ ಪಟ್ಟಾದರೆ ವೇಗ ಹೆಚ್ಚೆಂದರೆ ಒಂದೂವರೆ ಪಟ್ಟು ಚಿಲ್ಲರೆ.

ನಾಲ್ಕು ಮೂಟೆ, ಮೂರು ಜನ, ಸೋರಿದ ನೀರು ತುಂಬಿದ ದೋಣಿ ಮೇಲೇರುವುದಿಲ್ಲ. ಎಂಜಿನ್ ಒತ್ತಿದಷ್ಟೂ ಮೂತಿ ಏಳುತ್ತದೆ, ಹಿಂಬದಿ ಕೂರುತ್ತದೆ, ಪೆಟ್ರೋಲ್ ಸುಡುತ್ತದೆ. ಭಾವನಿಗೆ ಹೆದರಿಕೆ ಹುಟ್ಟಿಸಿದ ತುಂಬಿದ ದೋಣಿಯ ಸ್ಥಿತಿಯಲ್ಲೇ 25 ಎಚ್‌ಪಿ ಅತಿ ಕಡಿಮೆ ಸಹಾಯ ಮಾಡಿ ಅತಿ ಹೆಚ್ಚು ಅಪಾಯ ತರುತ್ತಿತ್ತು.

ಇನ್ನೊಂದು ಸಂಗತಿ ಕಣ್ಣಿಗೆ ಕಾಣದ್ದು. ಪಂಖ ಇರುವುದು ಕೆಳಗೆ, ಹಿಡಿಕೆ ಕಚ್ಚಿರುವುದು ಮೇಲೆ. ಪಂಖ ನೀರನ್ನು ಹಿಂದಕ್ಕೆ ತಳ್ಳಿದಾಗ ಎಂಜಿನ್ನಿನ ಕೆಳಭಾಗ ಟ್ರಾನ್ಸಮ್ಮನ್ನು ಮುಂದಕ್ಕೆ ಒತ್ತುತ್ತದೆ, ಮೇಲಿನ ಹಿಡಿಕೆ ಹಲಗೆಯ ತಲೆಯನ್ನು ಹಿಂದಕ್ಕೆ ಸೆಳೆಯುತ್ತದೆ. ತೆಂಗಿನಕಾಯಿ ಸುಲಿಯುವ ಗೂಟದ ಹಾಗೆ, ಸನ್ನೆಯ ಕೆಲಸ. ತೂಕ, ಶಕ್ತಿ ಎರಡೂ ಒಂದೇ ಕಡೆ ಎಳೆಯುತ್ತವೆ. ಹಳೆಯ ರಿವೆಟ್ಟುಗಳು ಮೊದಲು ಸಡಿಲಾಗುವುದು ಇಲ್ಲೇ.

ಅಲ್ಯುಮಿನಿಯಂ ಯಾಕೆ ಸೋರುತ್ತದೆ?

ಅಲ್ಯುಮಿನಿಯಂ ದೋಣಿ ತುಕ್ಕು ಹಿಡಿಯುವುದಿಲ್ಲ ಎನ್ನುವುದು ಅರ್ಧ ಸತ್ಯ. ಉಪ್ಪುನೀರಿನಲ್ಲಿ ತಾಮ್ರವೋ ಕಬ್ಬಿಣವೋ ಅದಕ್ಕೆ ತಾಗಿ ಕೂತರೆ ಎರಡೂ ಸೇರಿ ಬ್ಯಾಟರಿಯಂತೆ ಕೆಲಸ ಮಾಡುತ್ತವೆ, ಕರಗುವುದು ಅಲ್ಯುಮಿನಿಯಂ. ತಳದಲ್ಲಿ ಬಿದ್ದ ತಾಮ್ರದ ವೈರ್ ತುಂಡು, ಮಾಮೂಲಿ ಕಬ್ಬಿಣದ ಬೋಲ್ಟ್, ಮರದ ದೋಣಿಗೆ ಬಳಿಯುವ ತಾಮ್ರದ ಅಂಶದ ಬಣ್ಣ, ಇವೆಲ್ಲ ನಿಧಾನವಾಗಿ ಸೂಜಿಮೊನೆಯಂಥ ತೂತು ಕೊರೆಯುತ್ತವೆ. ಟ್ರಾನ್ಸಮ್ಮಿನೊಳಗಿನ ಪ್ಲೈವುಡ್ ಕೂಡ ಶತ್ರುವಾಗಬಹುದು. ನಮ್ಮಲ್ಲಿ ಐಎಸ್ 710 ಗುರುತಿನ ಮರೈನ್ ಪ್ಲೈ ಒಳ್ಳೆಯದೇ. ಆದರೆ ಹುಳ ಹಿಡಿಯದಂತೆ ಅದಕ್ಕೆ ಹಾಕುವ ಔಷಧದಲ್ಲಿ ಅನೇಕ ಸಲ ತಾಮ್ರ ಇರುತ್ತದೆ. ಎಲ್ಲ ಅಂಚಿಗೂ ಎಪಾಕ್ಸಿ ಬಳಿಯದೆ ಕೂರಿಸಬಾರದು.

ಭಾವನ ದೋಣಿಯನ್ನು ಮಗುಚದೆ, ತೆಂಗಿನ ದಿಮ್ಮಿಗಳ ಮೇಲೆ ಕೂರಿಸಿ, ಒಳಗೆ ಒಂದು ಗೇಣು ನೀರು ತುಂಬಿಸಿದೆವು. ನಾನು ಗಣೇಶ ಚೌತಿಗೆ ಊರಿಗೆ ಹೋಗಿದ್ದಾಗಿನ ಕೆಲಸ ಇದು. ಹೊರಗೆ ಎಲ್ಲೆಲ್ಲಿ ಹನಿ ಕಂಡಿತೋ ಅಲ್ಲಲ್ಲಿ ಮಕ್ಕಳು ಮಾರ್ಕರಿನಿಂದ ಗುರುತು ಹಾಕಿದರು. ತಳದ ಜೋಡಣೆಯಲ್ಲಿ 14 ರಿವೆಟ್ಟು, ಟ್ರಾನ್ಸಮ್ಮಿನ ಬಲಮೂಲೆಯಲ್ಲಿ ಬೆರಳುದ್ದದ ಬಿರುಕು, ನೀರು ಬಿಡುವ ಬಿರಡೆಯ ಸುತ್ತ ಸಡಿಲು. ಸ್ಕ್ರೂಡ್ರೈವರ್ ಒತ್ತಿದರೆ ಟ್ರಾನ್ಸಮ್ಮಿನ ಪ್ಲೈವುಡ್ ಒಳಗೆ ನೆನೆದ ಬ್ರೆಡ್ಡು.

ನಾನು ಊರಿಗೆ ಹೋಗುವ ಮೊದಲೇ ತುರ್ಭೆ ಎಂಐಡಿಸಿಯ ಒಂದು ಅಲ್ಯುಮಿನಿಯಂ ವರ್ಕ್‌ಶಾಪಿನಲ್ಲಿ ಫೋಟೋ ತೋರಿಸಿ ಕೇಳಿದ್ದೆ, ಎಲ್ಲವನ್ನೂ ಆರ್ಗಾನ್ ವೆಲ್ಡಿಂಗ್ ಮಾಡಿಬಿಡಬಹುದಲ್ಲ ಎಂದು. ವೆಲ್ಡರ್ ತಲೆ ಆಡಿಸಿದರು. ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದರ ಮೇಲಿನ ಆಕ್ಸೈಡಿನ ಪೊರೆ ಕರಗಲು 2,000 ಡಿಗ್ರಿ ದಾಟಬೇಕು. ಹಳೆಯ, ಉಪ್ಪು ಹೀರಿದ ತೆಳು ತಗಡಿನಲ್ಲಿ ಪೊರೆ ಪೂರ್ತಿ ತೆಗೆಯದೆ ಶಾಖ ಕೊಟ್ಟರೆ ಒಂದು ತೂತು ಮುಚ್ಚಿ ನಾಲ್ಕು ಹೊಸತು ಆಗುತ್ತವೆ, ಪಕ್ಕದ ರಿವೆಟ್ಟುಗಳೂ ಸಡಿಲಾಗುತ್ತವೆ. "ಬಿರುಕಿಗೆ ವೆಲ್ಡಿಂಗ್, ರಿವೆಟ್ಟಿಗೆ ರಿವೆಟ್ಟು" ಎಂದರು ಅವರು.

ಹಾಗೆಯೇ ಮಾಡಿಸಿದೆವು. ಒಬ್ಬರು ಒಳಗಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿದರೆ ಇನ್ನೊಬ್ಬರು ಹೊರಗಿನಿಂದ ಬಡಿದಾಗ ಒಂಬತ್ತು ರಿವೆಟ್ಟು ಬಿಗಿಯಾದವು. ಐದನ್ನು ಕೊರೆದು ತೆಗೆದು, ಪಾಲಿಯುರೆಥೇನ್ ಸೀಲಂಟಿನಲ್ಲಿ ಅದ್ದಿದ ಹೊಸ ಅಲ್ಯುಮಿನಿಯಂ ರಿವೆಟ್ಟು ಹೊಡೆದೆವು. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು, ಅದು ಮುಂದೆ ಹರಿಯದಂತೆ ತಡೆದು, ಕುಂದಾಪುರದಲ್ಲಿ ವೆಲ್ಡ್ ಮಾಡಿಸಿ ಒಳಗಿನಿಂದ ಪಟ್ಟಿ ಕೊಟ್ಟಾಯಿತು. ಹಿಂದೆ ಯಾರೋ ಎಂ-ಸೀಲ್ ಮೆತ್ತಿದ್ದನ್ನು ಕೆರೆದು ತೆಗೆದೆವು. ಅದು ಗಟ್ಟಿಯಾಗಿ ನಿಲ್ಲುತ್ತದೆ, ತಗಡು ಮಾತ್ರ ಬಾಗುತ್ತಲೇ ಇರುತ್ತದೆ, ಹಾಗಾಗಿ ಅಂಚು ಬಿಡುತ್ತದೆ. ಹೊಸ ಟ್ರಾನ್ಸಮ್ ಪ್ಲೈ, ಎರಡು ಮೂಲೆಗೂ ಅಲ್ಯುಮಿನಿಯಂ ಆಂಗಲ್, ಸ್ಟೇನ್‌ಲೆಸ್ ಬೋಲ್ಟಿಗೆ ನೈಲಾನ್ ವಾಷರ್.

ಅಚ್ಚರಿ ಕೊಟ್ಟದ್ದು ಸೀಟುಗಳ ಕೆಳಗಿನ ಫೋಮ್. ದೋಣಿ ಮುಳುಗದಿರಲಿ ಎಂದು ತುಂಬಿದ್ದು ವರ್ಷಗಳಿಂದ ನೀರು ಕುಡಿದು ಕಲ್ಲಾಗಿತ್ತು. ಕಿತ್ತು ತೂಕದ ಕಾಟಾದಲ್ಲಿ ಇಟ್ಟರೆ 31 ಕಿಲೋ. ತೇಲಿಸಬೇಕಾದದ್ದೇ ಮುಳುಗಿಸುತ್ತಿತ್ತು. ಅದರ ಜಾಗಕ್ಕೆ ನೀರು ಹೀರದ ಫೋಮ್ ಹಲಗೆಗಳನ್ನು ಕತ್ತರಿಸಿ ಇಟ್ಟೆವು. ಮತ್ತೆ ಅರ್ಧ ಗಂಟೆ ನೀರಿನಲ್ಲಿ ಕಟ್ಟಿದಾಗ ಒಳಗೆ ಬಂದದ್ದು ಒಂದು ಲೋಟ ನೀರು.

ಪಂಖದ ಗುಟ್ಟು

ಆಮೇಲೆ ಎಂಜಿನ್. ಸ್ಪಾರ್ಕ್ ಪ್ಲಗ್ ವೈರಿಗೆ ಸುತ್ತುವ ಅಗ್ಗದ ಟ್ಯಾಕೋಮೀಟರ್ ಒಂದನ್ನು ಹಚ್ಚಿ, ದೋಣಿಗೆ ಎಂದಿನ ಭಾರ ಹೇರಿ ಪೂರ್ತಿ ಗತಿ ಕೊಟ್ಟೆವು. ಭಾವನ ಎಂಜಿನ್ನಿಗೆ ತಯಾರಕರು ಹೇಳಿದ್ದು ನಿಮಿಷಕ್ಕೆ 4,500ರಿಂದ 5,500 ಸುತ್ತು. ಬಂದದ್ದು 3,900. ಎಂಜಿನ್ನಿನಲ್ಲಿ ಶಕ್ತಿ ಇತ್ತು, ಅದು ಹೊರಗೆ ಬರುತ್ತಿರಲಿಲ್ಲ. ಬೈಕಿನಲ್ಲಿ ಡಬಲ್ಸ್ ಹೇರಿಕೊಂಡು ಟಾಪ್ ಗೇರಿನಲ್ಲೇ ಘಾಟಿ ಹತ್ತಿದ ಹಾಗೆ.

ದೋಣಿಗೆ ಗೇರೆಂದರೆ ಪಂಖದ ಪಿಚ್. ಮೆತ್ತಗಿನ ಮರಕ್ಕೆ ಸ್ಕ್ರೂ ತಿರುಗಿಸಿದರೆ ಒಂದು ಸುತ್ತಿಗೆ ಎಷ್ಟು ಒಳಗೆ ಹೋಗುತ್ತದೋ, ಪಂಖಕ್ಕೆ ಅದೇ ಅಳತೆ ಇಂಚಿನಲ್ಲಿ. ಹೆಚ್ಚು ಪಿಚ್ ಖಾಲಿ ದೋಣಿಯ ಓಟಕ್ಕೆ, ಕಡಿಮೆ ಪಿಚ್ ಹೊರೆಗೆ. ಸಾಮಾನ್ಯವಾಗಿ ಒಂದು ಇಂಚು ಪಿಚ್ ಇಳಿಸಿದರೆ 150–200 ಸುತ್ತು ಏರುತ್ತದೆ. ಅವನ ಪಂಖ ಹತ್ತೂವರೆ ಇಂಚಿನದ್ದು. 8 ಇಂಚಿನದ್ದು ಹಾಕಿದೆವು, ದೋಣಿಯೂ ಹಗುರವಾಗಿತ್ತು. ಅದೇ ಮೂಟೆ, ಅದೇ ಜನ, ಈಗ 4,600 ಸುತ್ತು. ಪೆಟ್ರೋಲ್ ಟ್ಯಾಂಕನ್ನು ಹಿಂದಿನಿಂದ ನಡುವಿಗೆ ತಂದು ಉದ್ದ ಪೈಪ್ ಕೊಟ್ಟದ್ದರಿಂದ ಹಿಂಬದಿ ಇನ್ನಷ್ಟು ಎದ್ದಿತು. 25ರ ಎಂಜಿನ್ನಿಗೆ ಕೇಳಿದ ಹಣದಲ್ಲಿ ಕಾಲುಭಾಗವೂ ಖರ್ಚಾಗಲಿಲ್ಲ.

ಎಂಜಿನ್ ಗೆಲ್ಲಲಾರದ್ದು

ಇಷ್ಟಾದರೂ ಆಷಾಢದ ನೆರೆ ಹಾಗೇ ಇದೆ. ಅದಕ್ಕೆ ಉತ್ತರ ಕೊಟ್ಟದ್ದು ಕುದ್ರುವಿನ ಹಿರಿಯರೇ. ಮಳೆಯ ನೆರೆಯೂ ಸಮುದ್ರದ ಇಳಿತವೂ ಸೇರುವ ಎರಡು ಮೂರು ಗಂಟೆ ಅಳಿವೆಯ ಸೆಳೆತ ಅತಿ ಜೋರು. ಭರತ ತುಂಬಿ ನೀರು ನಿಲ್ಲುವ ಹೊತ್ತಿನಲ್ಲಿ ಅದೇ ಹೊಳೆ ಸಾಧು. ಭಾವ ಈಗ ಉಬ್ಬರ–ಇಳಿತದ ವೇಳಾಪಟ್ಟಿಯನ್ನು ಶಾಲೆಯ ವೇಳಾಪಟ್ಟಿಯ ಪಕ್ಕ ಅಂಟಿಸಿದ್ದಾನೆ. ಎರಡೂ ಹೊಂದದ ದಿನ ಮಕ್ಕಳು ದಡದಲ್ಲಿರುವ ಅತ್ತೆಯ ಮನೆಯಲ್ಲಿ ಉಳಿಯುತ್ತಾರೆ.

ನೀರಿನ ಮೇಲಿನ ದುರಂತಗಳು ನಮಗೆ ಹೊಸತಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಅದರಲ್ಲಿ ಹೊರಲಾರದಷ್ಟು ಜನ ಇದ್ದರು. 2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟಿದ್ದ ನೀಲ್‌ಕಮಲ್ ದೋಣಿಗೆ ನೌಕಾಪಡೆಯ ವೇಗದ ದೋಣಿ ಬಡಿದು 15 ಜನ ಸತ್ತರು. ಎಂಜಿನ್ ಪರೀಕ್ಷೆ ನಡೆಯುತ್ತಿದ್ದಾಗ ನಿಯಂತ್ರಣ ತಪ್ಪಿತು ಎಂದು ನೌಕಾಪಡೆ ತಿಳಿಸಿತು. ನುರಿತವರ ಕೈಯಲ್ಲೇ ಹಾಗಾಗಬಹುದಾದರೆ ಮನೆಯ ದೋಣಿಯ ಪರೀಕ್ಷೆ ಹೇಗಿರಬೇಕು? ಖಾಲಿ ನೀರಿನಲ್ಲಿ, ದಡದ ಹತ್ತಿರ, ಮಕ್ಕಳಿಲ್ಲದೆ, ಲೈಫ್ ಜಾಕೆಟ್ ತೊಟ್ಟು, ಕಿಲ್ ಸ್ವಿಚ್ಚಿನ ದಾರ ಕೈಗೆ ಕಟ್ಟಿಕೊಂಡು. ಚಾಲಕ ಬಿದ್ದರೆ ದಾರ ಕಳಚಿ ಎಂಜಿನ್ ನಿಲ್ಲುತ್ತದೆ. ಅನೇಕರು ಅದನ್ನು ಎಂಜಿನ್ನಿಗೇ ಗಂಟು ಹಾಕಿಟ್ಟಿರುತ್ತಾರೆ. ಊರಿಗೆ ಹೋದಾಗ ಒಮ್ಮೆ ನೋಡಿ.

ಹಾಗಾದರೆ ದೊಡ್ಡ ಎಂಜಿನ್ ಬೇಡವೇ ಬೇಡವೇ? ಹಾಗಲ್ಲ. ದೂರ ಹೋಗಲೇಬೇಕಾದ ವಾಶಿಯ ಮೀನುಗಾರನಿಗೂ, ದಿನಕ್ಕೆ ಹತ್ತು ಸಲ ಹೊಳೆ ದಾಟುವ ಕುದ್ರುವಿನವನಿಗೂ ಅದು ಬೇಕಾಗಬಹುದು. ಆದರೆ 25 ಎಚ್‌ಪಿ ಬೇಕೆಂದರೆ 25 ಎಚ್‌ಪಿ ಹೊರುವ ದೋಣಿಯೂ ಬೇಕು. ಉದ್ದ ಹೆಚ್ಚು, ಹಿಂಬದಿ ಅಗಲ, ಟ್ರಾನ್ಸಮ್ 20 ಇಂಚು. ಸಹಾಯಧನ ಎಂಜಿನ್ನಿಗೆ ಮಾತ್ರ ಸಿಕ್ಕಿ ದೋಣಿಗೆ ಸಿಗದಿದ್ದರೆ ಹಳೆಯ ಹಲಗೆಗಳ ಮೇಲೆ ಹೊಸ ಭಾರ ಕೂರುತ್ತಲೇ ಇರುತ್ತದೆ. ಇದನ್ನು ಕೇಳಬೇಕಾದ ಜಾಗದಲ್ಲಿ ನಮ್ಮ ಸಂಘಗಳು ಕೇಳಬೇಕು.

ಆ ಎಂಜಿನ್ನನ್ನು ಗಂಗೊಳ್ಳಿಯ ಬೇರೊಬ್ಬರು ಕೊಂಡರು. ಅವರದ್ದು 20 ಅಡಿಯ ಫೈಬರ್ ದೋಣಿ, ಚೆನ್ನಾಗಿ ಓಡುತ್ತಿದೆಯಂತೆ. ಭಾವನೂ ಈಗ ಅಂಥದ್ದಕ್ಕೆ ಸೊಸೈಟಿಯಲ್ಲಿ ಸಾಲದ ಅರ್ಜಿ ಹಾಕಿದ್ದಾನೆ. ಅದು ಬರುವ ತನಕ 9.9 ಸಾಕು ಎನ್ನುತ್ತಾನೆ, ಮಕ್ಕಳಿಗೆ ನೀರು ಮೊಗೆಯುವ ಕೆಲಸ ತಪ್ಪಿದೆ.